ಒಂದೊಂದು ಪೌಂಡ್

ಡೆಲ್ಫಾ ಕಾರಿನಿಂದ ಇಳಿಯುವಷ್ಟರಲ್ಲಿ ಅಮ್ಮನ ಅಡುಗೆಮನೆ ತುಂಬ ಚರ್ಚಿನ ಹೆಂಗಸರು. ಮೇಜಿನ ಮೇಲೆ ಒಂದು ಪೌಂಡ್ ಸಕ್ಕರೆ, ಒಂದು ಪೌಂಡ್ ಬೆಣ್ಣೆ, ಒಂದು ಪೌಂಡ್ ಕಾಫಿಪುಡಿ. ಕೆಂಟಕಿಯ ಈ ಗುಡ್ಡಗಳಲ್ಲಿ ಯಾರ ಮನೆಯಲ್ಲಾದರೂ ಒಲೆ ಹತ್ತುತ್ತಿಲ್ಲವೆಂದು ತಿಳಿದರೆ ಚರ್ಚಿನವರು ಹೀಗೆ ತಲೆಗೊಂದು ಪೌಂಡ್ ತಂದಿಡುತ್ತಾರೆ. ಇಷ್ಟು ವರ್ಷ ಅದಕ್ಕೆಲ್ಲ ಮುಂದೆ ನಿಲ್ಲುತ್ತಿದ್ದವಳು ಅಮ್ಮ, ಐವಾ. ಇವತ್ತು ಆ ದಾನ ಅವಳ ಮನೆಗೇ ಬಂದಿತ್ತು.

ಎಲ್ಲ ಆ ಹಾಡಿನ ಕೃಪೆ. ಡೆಲ್ಫಾ ನ್ಯಾಶ್ವಿಲ್‌ನಲ್ಲಿ ಹಾಡಿದ ‘ನಾನು ಆಗಲೇ ಉಂಡೆ’ ಈಸ್ಟರ್‌ಗೆ ಮುಂಚೆ ಬಿಡುಗಡೆಯಾಗಿ, ಈಗ ರೇಡಿಯೊ ತಿರುಗಿಸಿದಲ್ಲೆಲ್ಲ ಅದೇ. ಗಣಿ ಮುಷ್ಕರದ ಚಳಿಗಾಲದಲ್ಲಿ ಒಬ್ಬ ತಾಯಿ ಮಕ್ಕಳಿಗೆ ಬಡಿಸಿ, ತಾನು ಆಗಲೇ ಉಂಡೆನೆಂದು ಸುಳ್ಳು ಹೇಳಿ, ನೀರು ಕುಡಿದು ಮಲಗುವ ಕಥೆ. ಲಾರಿ ಓಡಿಸುವ ಗಂಡಸರು ಗಾಡಿ ನಿಲ್ಲಿಸಿ ಅತ್ತರಂತೆ. “ಇದು ನಿಮ್ಮ ತಾಯಿಯ ಕಥೆಯೇನು?” ಎಂದು ರೇಡಿಯೊದವನು ಕೇಳಿದ್ದೇ ತಡ, ಈ ಮಹಾರಾಯ್ತಿ “ಹೌದು” ಎಂದುಬಿಟ್ಟಿದ್ದಳು.

ನಿಜ ಹೇಳಬೇಕೆಂದರೆ, ಆ ಚಳಿಗಾಲದಲ್ಲಿ ಪುಟ್ಟ ಡೆಲ್ಫಾ ಹೊಟ್ಟೆ ತುಂಬ ಉಂಡಿದ್ದಳು. ಅಪ್ಪನಿಗೆ ರೈಲ್ವೆ ಸಂಬಳವಿತ್ತು. ಹಸಿವು ಪಕ್ಕದ ಮನೆಯ ಓರ್ಫಾಳದು. ಅಮ್ಮ ಕೊಟ್ಟ ಬೀನ್ಸ್ ಪಾತ್ರೆ ಹಿಡಿದು ಹಿತ್ತಿಲ ಬಾಗಿಲಿಗೆ ಹೋದಾಗ, ಓರ್ಫಾ ತನ್ನ ಮಕ್ಕಳಿಗೆ ‘ನಾನು ಆಗಲೇ ಉಂಡೆ’ ಎಂದದ್ದನ್ನು ಅವಳು ಕೇಳಿಸಿಕೊಂಡಿದ್ದಳು. “ಯಾರ ಹತ್ರಾನೂ ಬಾಯಿ ಬಿಡ್ಬೇಡ” ಎಂದು ಅಮ್ಮ ಆಗಲೇ ಎಚ್ಚರಿಸಿದ್ದಳು.

“ಊರಿಗೆಲ್ಲ ಹಂಚಿ ಹಂಚಿ ತಾನು ಉಪವಾಸ ಬಿದ್ದಳಲ್ಲ ನಮ್ಮ ಐವಾ! ನಮ್ಮ ಕಣ್ಣಿಗೇನು ಮಣ್ಣು ಬಿದ್ದಿತ್ತಾ? ಆಗ ಕೊಡದ್ದನ್ನ ಈಗಲಾದ್ರೂ ಕೊಡೋಣ ಅಂತ ಬಂದ್ವಿ.” ಪಾದ್ರಿಯ ಹೆಂಡತಿ ಮೂಗು ಒರೆಸಿಕೊಂಡಳು.

ಡೆಲ್ಫಾ ಒಲೆಯ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು. “ಅಮ್ಮಾ, ನಿಜ ಹೇಳಿಬಿಡ್ತೀನಿ.”

“ಏನಂತ? ನಾವಲ್ಲ ಅಂದ್ರೆ, ಮತ್ತ್ಯಾರು ಅಂತ ಕೇಳಲ್ವಾ? ಅವಳ ಮಾನಾನೂ ಕಳೀತೀಯಾ?” ಅಮ್ಮನ ಮುಖ ಕೆಂಪಾಗಿತ್ತು. “ನಾನೇ ಭಿಕ್ಷೆ ತಗೊಂಡಿದೀನಿ. ನೀನು ಸುಮ್ನೆ ಕಾಫಿ ಕೊಡು ಹೋಗು.”

ನಾಚಿಕೆಯಿಂದ ಡೆಲ್ಫಾಳಿಗೆ ತಲೆ ಎತ್ತಲಾಗಲಿಲ್ಲ. ಒಬ್ಬೊಬ್ಬರಿಗೇ ಕಾಫಿ ಕೊಡುತ್ತ ಹೋದಳು.

ಅಷ್ಟರಲ್ಲಿ ಓರ್ಫಾ ಬಂದಳು. ಮುದುಕಿಯಾಗಿದ್ದಳು. ತಂದ ಹಿಟ್ಟನ್ನು ಮೇಜಿನ ಮೇಲಿಡದೆ ಎದೆಗೆ ಅವುಚಿಕೊಂಡು ನಿಂತಳು.

“ಐವಾ, ಆ ವರ್ಷ ನೀನು ಬೀನ್ಸ್ ಕಳಿಸದೇ ಇದ್ದಿದ್ರೆ ನನ್ನ ಮಕ್ಕಳು ಉಳೀತಿರ್ಲಿಲ್ಲ” ಎಂದಳು, ಎಲ್ಲರಿಗೂ ಕೇಳುವಂತೆ. “ನನ್ನ ಮನೇಲಿ ಒಂದು ಹಿಡಿ ಹಿಟ್ಟಿರ್ಲಿಲ್ಲ. ಇಷ್ಟು ದಿನ ಯಾರಿಗೂ ಹೇಳಿರ್ಲಿಲ್ಲ.”

“ಓರ್ಫಾ, ಬೇಡ, ಸುಮ್ನಿರು” ಎಂದು ಅಮ್ಮ ಅವಳ ತೋಳು ಹಿಡಿದಳು.

“ಹೇಳ್ಲೇಬೇಕು. ನಿನ್ನ ಮನೇಲೂ ಇಲ್ಲ ಅಂತ ಗೊತ್ತಿದ್ರೆ ನಾನು ಮುಟ್ಟುತ್ತಿರ್ಲಿಲ್ಲ, ದೇವರಾಣೆ.” ಅವಳು ಡೆಲ್ಫಾಳತ್ತ ತಿರುಗಿದಳು. “ಹಾಡು ಕೇಳಿದಾಗಿಂದ ನಿದ್ದೆ ಬಂದಿಲ್ಲ, ಮಗಾ. ನಿನ್ನ ಪಾಲಿನ ಕೂಳು ತಿಂದ್ವಲ್ಲ. ನಮ್ಮನ್ನ ಕ್ಷಮಿಸ್ತೀಯಾ?”

ಓರ್ಫಾಳ ಮಾನಕ್ಕಾಗಿ ಈಗ ಮುಚ್ಚಿಡುವುದಕ್ಕೇನೂ ಉಳಿದಿರಲಿಲ್ಲ. ಅಮ್ಮ ಡೆಲ್ಫಾಳ ಮುಖವನ್ನೇ ನೋಡುತ್ತಿದ್ದಳು, ಹೇಳು ಈಗಲಾದರೂ ಎನ್ನುವಂತೆ. ಹೆಂಗಸರೆಲ್ಲ ಕಣ್ಣು ತುಂಬಿಕೊಂಡು ಕಾಯುತ್ತಿದ್ದರು.

“ಅಯ್ಯೋ, ಬಿಡಿ ಚಿಕ್ಕಮ್ಮ” ಎಂದಳು ಡೆಲ್ಫಾ, ಹಿಟ್ಟು ಕೈಗೆ ತೆಗೆದುಕೊಳ್ಳುತ್ತ. “ನಾನು ಆವತ್ತೇ ಕ್ಷಮಿಸಿಬಿಟ್ಟೆ.”