ಒಳಗಿನ ಲಕೋಟೆ

ಮಠದಯ್ಯನವರ ಕೈ ಕರಿಬಸಪ್ಪನ ಎದೆಯ ಮೇಲೆ ಒಮ್ಮೆ ಆಡಿ, ಕುತ್ತಿಗೆಯ ಸುತ್ತ ಸವರಿ, ಮತ್ತೆ ಎದೆಗೆ ಬಂದು ಅಲ್ಲೇ ನಿಂತುಬಿಟ್ಟಿತು. ಗೋಡೆಗೆ ಆನಿಸಿ ಚಕ್ಕಳಮಕ್ಕಳ ಕೂರಿಸಿದ್ದ ದೇಹಕ್ಕೆ ಸ್ನಾನವಾಗಿತ್ತು, ಹಣೆಗೆ ವಿಭೂತಿ ಬಳಿದಾಗಿತ್ತು. ಇನ್ನು ಕೊರಳಲ್ಲಿರುವ ಇಷ್ಟಲಿಂಗವನ್ನು ಬಿಚ್ಚಿ ಎಡಗೈಗೆ ಇಡುವುದೊಂದು ಬಾಕಿ. ಕೊರಳಲ್ಲಿ ಇದ್ದರೆ ತಾನೆ ಬಿಚ್ಚುವುದು?

"ಶಿವಶಂಕರಪ್ಪ, ಬಾ ಇಲ್ಲಿ," ಎಂದರು ಅಯ್ಯನವರು ದನಿ ತಗ್ಗಿಸಿ. "ನಿನ್ನ ತಮ್ಮನ ಲಿಂಗ ಎಲ್ಲಯ್ಯ?"

ಸಾವಿನ ಮನೆಯಲ್ಲಿ ದನಿ ತಗ್ಗಿಸಿದರೆ ಊರಿಗೆಲ್ಲ ಕಿವಿ ಬರುತ್ತದೆ. ಪಡಸಾಲೆಯಲ್ಲಿ ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಕತ್ತು ಚಾಚಿದರು. ಗಂಡನ ಮಂಡಿಯ ಪಕ್ಕದಲ್ಲಿ ಕೂತಿದ್ದ ಚನ್ನಬಸಮ್ಮ ತಲೆಯೆತ್ತಿ ನೋಡಿದಳು. ಬೋಳು ಕುತ್ತಿಗೆ. ಶಿವದಾರ ಉಜ್ಜಿ ಉಜ್ಜಿ ಕಪ್ಪಾಗಿದ್ದ ಗೆರೆಯೊಂದು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಮದುವೆಯಾದಂದಿನಿಂದ ಆ ಕುತ್ತಿಗೆಯನ್ನು ಬರಿದಾಗಿ ಅವಳು ಕಂಡದ್ದೇ ಇಲ್ಲ.

ಮಡಿಕೇರಿಯಿಂದ ಕಾಫಿ ಲಾರಿಯಲ್ಲಿ ದೇಹದ ಜೊತೆ ಬಂದಿದ್ದವನು ಕಚೇರಿಯ ಜವಾನ ಮುತ್ತ. ಶ್ರೀಮಂಗಲದ ಕಡೆಯವನು. ಎಲ್ಲರೂ ಅವನತ್ತ ತಿರುಗಿದರು.

"ನಾನು ನೋಡುವಾಗಲೇ ಕುತ್ತಿಗೆ ಖಾಲಿ ಇತ್ತು," ಎಂದ ಮುತ್ತ, ಕೈಯಲ್ಲಿದ್ದ ರುಮಾಲನ್ನು ಹಿಂಡುತ್ತ. "ಹೊಟ್ಟೆ ಕುಯ್ಯುವ ಮೊದಲು ಮೈಮೇಲಿರುವುದೆಲ್ಲ ತೆಗೆಸ್ತಾರೆ ಆಸ್ಪತ್ರೇಲಿ. ಉಂಗುರ, ಉಡಿದಾರ, ಎಲ್ಲ. ಆಮೇಲೆ ಇವರಿಗೆ ಎಚ್ಚರ ಬರಲೇ ಇಲ್ಲ. ಬಟ್ಟೆ ಗಂಟು ಕೊಟ್ಟರು, ಅದನ್ನು ಹಾಗೇ ಇಲ್ಲಿಗೆ ತಂದೆ."

"ತೆಗೆಸಿದ್ರೆ ತೆಗಿಯೋಕೆ ಲಿಂಗ ಏನು ಅಂಗಿ ಗುಂಡಿಯಾ?" ಶಿವಶಂಕರಪ್ಪನ ಮುಖ ಕೆಂಪಾಯಿತು. ತಮ್ಮ ಸತ್ತ ದುಃಖಕ್ಕೆ ದಾರಿ ಸಿಗದೆ ಅದು ಸಿಟ್ಟಾಗಿ ಹೊರಟಿತ್ತು. "ಜೀವ ಹೋದ್ರೂ ಲಿಂಗ ಬಿಡಬ್ಯಾಡ ಅಂತ ಹೇಳಿ ನಮ್ಮಪ್ಪ ಕಟ್ಟಿಸಿದ್ದು. ದೊರೆ ಕಚೇರಿ ಸೇರಿದ ಮ್ಯಾಲೆ ಇವ ಏನು ಉಂಡ, ಏನು ಬಿಟ್ಟ, ಒಂದಾದ್ರೂ ಬಾಯಿ ಬಿಟ್ಟು ಹೇಳಿದ್ನಾ? ಯಾವ ಕಾಲದಲ್ಲೇ ಬಿಚ್ಚಿ ಒಗ್ದಿದ್ನೋ!"

"ಭಾವ!" ಎಂದಳು ಚನ್ನಬಸಮ್ಮ.

ಮಠದಯ್ಯನವರು ಕೆಟ್ಟವರಲ್ಲ. ಕರಿಬಸಪ್ಪನಿಗೆ ಅಕ್ಷರಾಭ್ಯಾಸ ಮಾಡಿಸಿದವರೂ ಅವರೇ. ಆದರೆ ಪದ್ಧತಿ ಪದ್ಧತಿಯೇ. "ಲಿಂಗ ಇಲ್ಲದ ದೇಹನ ಕೂರಿಸಿ ಸಮಾಧಿ ಮಾಡಂಗಿಲ್ಲ ಕಣಪ್ಪ. ಹೊಸ ಲಿಂಗ ಕಟ್ಟನ ಅಂದ್ರೆ ಹೆಣಕ್ಕೆ ದೀಕ್ಷೆ ಕೊಟ್ಟದ್ದು ನಾನು ಕೇಳಿಲ್ಲ. ಹೊತ್ತು ಮುಳುಗೋದ್ರೊಳಗೆ ಸಿಕ್ಕರೆ ಸರಿ. ಇಲ್ಲದಿದ್ರೆ ಬೇಲಿ ಆಚೆ ಮಲಗಿಸಿ ಮಣ್ಣು ಮುಚ್ಚಬೇಕು, ಅಷ್ಟೇ."

ಕರಿಬಸಪ್ಪನ ಅವ್ವನ ಸಮಾಧಿಯ ಪಕ್ಕದಲ್ಲಿ ಗುಂಡಿ ತೋಡಿ, ದೇಹ ಕೂರಿಸಲು ಒಳಗೆ ಗೂಡು ಕೊರೆದು, ಆಳುಗಳು ಆಗಲೇ ಕೈ ತೊಳೆದುಕೊಂಡಿದ್ದರು. ಬೇಲಿಯ ಆಚೆ ಎಂದರೆ ಊರ ದನಗಳು ಸತ್ತರೆ ಹೂಳುವ ಜಾಗ. ಚನ್ನಬಸಮ್ಮ ಗಂಡನ ಮಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದು, ಯಾರಿಗೂ ಹೇಳುವಂಥದ್ದಲ್ಲ: ಭಾವ ಹೇಳಿದ್ದು ನಿಜವಿದ್ದರೆ? ಏನೂ ಹೇಳದ ಮನುಷ್ಯ ಅವನು. ಅವನ ಒಳಗೆ ಏನಿತ್ತೆಂದು ಯಾರು ಕಂಡವರು?

*

ಕರಿಬಸಪ್ಪ ಮಡಿಕೇರಿ ಕೋಟೆಯೊಳಗೆ ಕಮಿಷನರ್ ದೊರೆಯ ಕಚೇರಿಯಲ್ಲಿ ದಫ್ತರಿ. ಗುಟ್ಟಿನ ಕಾಗದಗಳಿಗೆ ಕೆಂಪು ಶಾಯಿಯ ಮೊಹರು ಒತ್ತಿ, ಲಕೋಟೆಗೆ ಹಾಕಿ, ಅರಗು ಕಾಯಿಸಿ ಮುದ್ರೆ ಹಾಕುವುದು ಅವನ ಕೆಲಸ. ಇಷ್ಟು ಗೊತ್ತಾಗಿದ್ದೇ ತಡ, ಇಡೀ ಸಾಮ್ರಾಜ್ಯದ ಮರ್ಮವೆಲ್ಲ ಇವನ ಹೊಟ್ಟೆಯಲ್ಲಿದೆ ಎಂದು ಊರಿನವರು ತೀರ್ಮಾನಿಸಿಬಿಟ್ಟರು. ಹಬ್ಬಕ್ಕೆ ಬಂದರೆ ಸಾಕು, ಜಗಲಿಯ ತುಂಬ ಜನ.

"ಕಂದಾಯ ಏರಿಸ್ತಾರಂತಾ, ಕರಿಬಸಪ್ಪ?"

ಕರಿಬಸಪ್ಪ ಚಿಟಿಕೆ ನಶ್ಯ ಏರಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಈ ಸಲ ಏಲಕ್ಕಿ ಹೆಂಗೆ?" ಎನ್ನುತ್ತಿದ್ದ. ಬಾಯಿಗೆ ಅರಗು ಹಾಕಿಸಿಕೊಂಡು ಬಂದವನೆ ಎಂದು ಜನ ನಗುತ್ತಿದ್ದರು. ನಗುತ್ತಲೇ ಅವನ ಮೇಲಿನ ಗೌರವ ಹೆಚ್ಚಿಸಿಕೊಂಡು ಮನೆಗೆ ಹೋಗುತ್ತಿದ್ದರು.

ಚನ್ನಬಸಮ್ಮ ಮದುವೆಯಾದ ಹೊಸತರಲ್ಲಿ ಮಡಿಕೇರಿಯಲ್ಲಿ ಅವನ ಜೊತೆಗಿದ್ದಳು. ಅಲ್ಲಿಯ ಥಂಡಿಗೆ ಕೆಮ್ಮು ಹಿಡಿದು ಊರಿಗೆ ವಾಪಸಾದಳು. ಮಕ್ಕಳಾಗಲಿಲ್ಲ. ಅದಕ್ಕೂ ಅವನು ಒಂದು ಮಾತು ಆಡಿದವನಲ್ಲ. ಊರ ಕಡೆ ಯಾರು ಬಂದರೂ ಅವರ ಕೈಯಲ್ಲಿ ಕೆಮ್ಮಿನ ಪುಡಿ ಕಳಿಸುತ್ತಿದ್ದ, ಅಷ್ಟೆ.

ಮಡಿಕೇರಿಯಲ್ಲಿದ್ದಾಗ ಒಂದು ಸಂಜೆ ಅವಳು ಹಟ ಹಿಡಿದು ಕೂತಿದ್ದಳು. "ದೊರೆ ಗುಟ್ಟು ಬ್ಯಾಡ. ನಿಮ್ಮ ಗುಟ್ಟು ಒಂದು ಹೇಳಿ. ಇಲ್ಲದಿದ್ರೆ ಒಲೆ ಹಚ್ಚಕ್ಕಿಲ್ಲ."

ಕರಿಬಸಪ್ಪ ಬಾಗಿಲ ಕಡೆ ನೋಡಿದ. ಎದ್ದು ಹೋಗಿ ಅಗುಳಿ ಹಾಕಿ ಬಂದ. "ನಂಗೆ ಇಂಗ್ಲಿಷು ಓದೋಕೆ ಬರಲ್ಲ ಚನ್ನೀ," ಎಂದ ಮೆಲ್ಲಗೆ. "ಅದ್ಕೇ ದೊರೆ ಈ ಕೆಲಸ ಕೊಟ್ಟಿರೋದು. ಎರಡು ಮೊಹರು, ಅವುಗಳ ಆಕಾರ ಮಾತ್ರ ಗೊತ್ತು. ಉದ್ದದ್ದು ಕಾನ್ಫಿಡೆನ್ಷಿಯಲ್ಲು, ಗಿಡ್ಡದ್ದು ಸೀಕ್ರೆಟ್ಟು. ಉದ್ದದ್ದು ಒತ್ತಿದ್ರೆ ಒಳಗೇನಿದೆ ಅಂತ ಹೇಳಬಾರದು. ಗಿಡ್ಡದ್ದು ಒತ್ತಿದ್ರೆ ಅಂಥದ್ದೊಂದು ಇದೆ ಅಂತಲೇ ಹೇಳಬಾರದು."

ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಅವನೂ ನಕ್ಕ. ಆ ಹುರುಪಿಗೆ ಒಂದು ಹಳೆಯ ಕಾಗದ ತೆಗೆದುಕೊಂಡು, ಅಡಿಕೆಯೊಂದನ್ನು ಅದರಲ್ಲಿ ಮಡಿಚಿ, ಆ ಮಡಿಕೆಯನ್ನು ಇನ್ನೊಂದು ಕಾಗದದೊಳಗೆ ಇಟ್ಟು ತೋರಿಸಿದ. "ಗಿಡ್ಡ ಮೊಹರಿಂದು ಯಾವಾಗ್ಲೂ ಎರಡು ಲಕೋಟೆ. ಮೊಹರು, ಅರಗು, ಎಲ್ಲ ಒಳಗಿಂದಕ್ಕೆ. ಹೊರಗಿಂದರ ಮ್ಯಾಲೆ ಬರೀ ವಿಳಾಸ. ಗುಟ್ಟು ಅಂತ ಹೊರಗೇ ಬರೆದ್ರೆ ದಾರೀಲಿ ಹೋಗೋ ದಾಸಯ್ಯನಿಗೂ ಬಿಚ್ಚೋ ಆಸೆ ಆಗ್ತದೆ."

"ನೀವೂ ಹಂಗೇ," ಎಂದಿದ್ದಳು ಅವಳು. "ಹೊರಗೆ ಏನೂ ಬರೆದಿಲ್ಲ."

ಇಂಗ್ಲಿಷಿನ ವಿಷಯವನ್ನು ಅವಳು ತವರಿನವರಿಗೂ ಹೇಳಲಿಲ್ಲ. ಜಗಲಿಯಲ್ಲಿ ಜನ ಅವನನ್ನು ಹೊಗಳುವಾಗ ಒಳಗೆ ಒಲೆಯ ಮುಂದೆ ಕೂತು ಒಬ್ಬಳೇ ಸಂತೋಷಪಡುತ್ತಿದ್ದಳು.

*

"ಗಂಟು ಇನ್ನೊಂದು ಸಲ ನೋಡನ ಕಣ್ರಿ," ಎಂದಳು ಶಿವಶಂಕರಪ್ಪನ ಹೆಂಡತಿ ಮಹಾದೇವಮ್ಮ. ಗಂಡನ ಸಿಟ್ಟು ಇಳಿಸಲು ಅವಳಿಗೆ ತಿಳಿದ ದಾರಿ ಅದೊಂದೇ, ಏನಾದರೂ ಕೆಲಸ ಹಚ್ಚುವುದು. ಪಂಚೆ ಕೊಡವಿದರು, ಕೋಟಿನ ಜೇಬು ಹೊರಳಿಸಿದರು. ನಶ್ಯದ ಡಬ್ಬಿ, ಕನ್ನಡಕ, ಚಿಕ್ಕ ಬಾಚಣಿಗೆ.

"ಇಷ್ಟೇನಾ ಇದ್ದದ್ದು?"

"ಇನ್ನೊಂದು ಪೊಟ್ಣ ಇತ್ತಲ್ಲ," ಎಂದ ಮುತ್ತ. "ಬಂದ ಕೂಡಲೆ ಅಮ್ಮನ ಕೈಗೆ ಕೊಟ್ಟೆ."

ಕೊಟ್ಟದ್ದು ಹೌದು. ಮೇಲೆ ಅವಳ ಹೆಸರಿದೆ ಎಂದು ಯಾರೋ ಓದಿದ್ದರು. ಕೆಮ್ಮಿನ ಪುಡಿ ಎಂದುಕೊಂಡು, ಸಾಯುವಾಗಲೂ ನನ್ನ ಕೆಮ್ಮು ಮರೀಲಿಲ್ವಲ್ಲ ಎಂದು ಎದೆ ಬಡಿದುಕೊಂಡು, ಚನ್ನಬಸಮ್ಮ ಅದನ್ನು ದೇವರ ಗೂಡಿನ ಕೆಳಗೆ ಎಸೆದುಬಿಟ್ಟಿದ್ದಳು. ಈಗ ಕಣ್ಣು ಅತ್ತ ಹೋಯಿತು. ಪುಡಿಯ ಪೊಟ್ಟಣಕ್ಕೆ ಅವನು ದಾರ ಸುತ್ತುತ್ತಿದ್ದ. ಇದಕ್ಕೆ ದಾರವಿಲ್ಲ. ನಾಲ್ಕೂ ಮೂಲೆ ಮಡಿಚಿ, ಗೋಂದು ಹಚ್ಚಿ, ಉಗುರಿನಿಂದ ಗೀರಿ ಒತ್ತಿದ ಕಂದು ಲಕೋಟೆ. ಮೇಲೆ ವಿಳಾಸ ಬಿಟ್ಟರೆ ಏನೂ ಇಲ್ಲ.

ಚನ್ನಬಸಮ್ಮ ಎದ್ದವಳೇ ಅದನ್ನು ಎತ್ತಿಕೊಂಡು ಹೊರಗಿನ ಕಾಗದವನ್ನು ಪರ್ರನೆ ಹರಿದಳು. ಒಳಗೆ ಇನ್ನೊಂದು ಲಕೋಟೆ. ಮಧ್ಯದಲ್ಲಿ ಕೆಂಪು ಶಾಯಿಯ ಗಿಡ್ಡ ಮೊಹರು. ಹಿಂಬದಿಯಲ್ಲಿ ಅರಗಿನ ಮುದ್ರೆಗಳು ಸಾಲಾಗಿ ಕೂತಿದ್ದವು.

"ಮುಟ್ಟಬ್ಯಾಡ್ರಿ!" ಎಂದು ಕೂಗಿಕೊಂಡವರು ಪಟೇಲ ದ್ಯಾವೀರಪ್ಪ. ಸರ್ಕಾರದ ಕಾಗದಗಳ ಭಯ ಭಕ್ತಿಯಲ್ಲಿಯೇ ತಲೆ ನರೆತವರು. ಇಂಗ್ಲಿಷಿನ ಅಕ್ಷರ ಕೂಡಿಸಿ ಓದಲು ಅವರಿಗೆ ಬರುತ್ತಿತ್ತು. "ಸೀಕ್ರೆಟ್ಟು! ಅಯ್ಯಯ್ಯೋ, ಇದು ದೊರೆ ಗುಟ್ಟು! ಒಡೆದ್ರೆ ಊರಿಗೂರೇ ಜೈಲು. ಸೋಮವಾರಪೇಟೆಗೆ ಆಳು ಕಳಿಸಿ ಸುಬೇದಾರ್ರನ್ನ ಕರೆಸ್ತೀನಿ. ಅಲ್ಲೀತಂಕ ಯಾರೂ ಬಿಚ್ಚಂಗಿಲ್ಲ."

"ಸುಬೇದಾರ್ರು ಬರೋದು ನಾಳೆ," ಎಂದರು ಮಠದಯ್ಯನವರು. "ಹೊತ್ತು ಇವತ್ತೇ ಮುಳುಗ್ತದೆ."

"ಮುಳುಗಲಿ ಬಿಡಿ! ನನ್ನ ಪಟೇಲಿಕೆ ಮುಳುಗಿಸ್ತೀರಾ?"

ಚನ್ನಬಸಮ್ಮ ಲಕೋಟೆಯನ್ನು ಎದೆಗೆ ಅವಚಿಕೊಂಡು ನಿಂತಳು. ಒಳಗೆ ಗಟ್ಟಿಯಾಗಿ ಏನೋ ಕೈಗೆ ಸಿಗುತ್ತಿತ್ತು. ಶಿವಶಂಕರಪ್ಪ ಕಿತ್ತುಕೊಳ್ಳಲು ಕೈ ಚಾಚಿದ. ಅಷ್ಟರಲ್ಲಿ ಮುತ್ತ ಮುಂದೆ ಬಂದ. "ಪಟೇಲರೇ, ಮೊಹರಿನ ಕೆಳಗೆ ಕನ್ನಡದಲ್ಲಿ ಏನೋ ಬರ್ದಿದೆ. ಅದನ್ನೂ ಓದಿಬಿಡಿ. ಆಸ್ಪತ್ರೆಗೆ ಸೇರುವ ದಿನ ಬೆಳಗ್ಗೆ ಇವರು ಕಚೇರಿಗೆ ಬಂದು ಒಬ್ಬರೇ ಕೂತು ಅರಗು ಕಾಯಿಸ್ತಿದ್ರು. ಯಾರದ್ದು ಅಂತ ಕೇಳಿದ್ದಕ್ಕೆ ನಿಮ್ಮ ಊರಲ್ಲಿ ಮಳೆ ಆಯ್ತಾ ಅಂದ್ರು."

ಅಷ್ಟು ದುಃಖದಲ್ಲೂ ಒಂದಿಬ್ಬರು ನಕ್ಕರು. ಪಟೇಲರು ಕನ್ನಡಕ ಏರಿಸಿ, ಲಕೋಟೆಯನ್ನು ಮುಟ್ಟದೆ, ಅವಳ ಕೈಯಲ್ಲಿದ್ದಂತೆಯೇ ಬಗ್ಗಿ ಓದಿದರು.

"ಶ್ರೀಮತಿ ಚನ್ನಬಸಮ್ಮನವರಿಗೆ. ಇದನ್ನು ಖುದ್ದು ಅವರೇ ತೆರೆಯತಕ್ಕದ್ದು. ಬೇರೆ ಯಾರೂ ತೆರೆಯಕೂಡದು."

ಪಟೇಲರು ನೆಟ್ಟಗಾದರು. ಹುಕುಂ ಎಂದರೆ ಹುಕುಂ. "ಸರೀರಿ, ಎಲ್ಲ ದೂರ ಸರೀರಿ! ಶಿವಶಂಕರಪ್ಪ, ನಿಂಗೂ ಹೇಳ್ತಿರೋದು, ಕೈ ತೆಗಿ! ಆಯಮ್ಮನ ಹೆಸರಿಗೆ ಐತೆ. ಆಯಮ್ಮ ಒಬ್ಬಳೇ ಒಡೀಬೇಕು. ತಾಯಿ, ಒಡಿ."

ಊರಿನ ಗಂಡಸರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಚನ್ನಬಸಮ್ಮ ಗಂಡನ ಎದುರಿಗೆ ಕೂತಳು. ಒಂದೊಂದೇ ಅರಗು ಚಟಕ್ ಎಂದು ಒಡೆಯಿತು. ಒಳಗೆ ಬಿಳಿ ವಸ್ತ್ರದ ಗಂಟು. ಗಂಟಿನಲ್ಲಿ ಶಿವದಾರ, ಅದರ ನಡುವೆ ಕಪ್ಪಗೆ ಮಿನುಗುವ ಲಿಂಗ. ಲಿಂಗದ ನೆತ್ತಿಗೆ ವಿಭೂತಿ ಅಂಟಿತ್ತು, ಒಂದು ಬಿಲ್ವಪತ್ರೆ ಬಾಡಿಯೂ ಹಸಿರಾಗಿತ್ತು.

ಮಠದಯ್ಯನವರು ಬಗ್ಗಿ ನೋಡಿದರು. "ಬೆಳಗಿನ ಪೂಜೆ ಮುಗಿಸೇ ಕಟ್ಟವ್ನೆ ಕಣ್ರಯ್ಯ. ಅಲ್ಲಿ ತನ್ನೋರು ಅಂತ ಯಾರಿದ್ರು ಕೈಗೆ ಕೊಡೋಕೆ? ತನಗೆ ಗೊತ್ತಿದ್ದ ಭದ್ರ ಯಾವುದೋ ಅದನ್ನ ಮಾಡವ್ನೆ."

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದಂಗಾಯ್ತಲ್ಲೇ ಚನ್ನೀ," ಎಂದು ಮಹಾದೇವಮ್ಮ ಅಳತೊಡಗಿದಳು. ಶಿವಶಂಕರಪ್ಪ ತಮ್ಮನ ಕಾಲ ಹತ್ತಿರ ಕುಸಿದು ಕೂತು, ಆ ಪಾದಗಳನ್ನು ಹಿಡಿದುಕೊಂಡು, ಸಣ್ಣವನಂತೆ ಗೊಳೋ ಎಂದು ಅತ್ತ. ಬೆಳಗಿನಿಂದ ಬಾರದ ಅಳು ಈಗ ಬಂದಿತ್ತು.

ಲಿಂಗವನ್ನು ಇಡಲು ಅಯ್ಯನವರು ಕೈ ಚಾಚಿದರು. ಆಮೇಲೆ ಅವರಿಗೇ ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದುಕೊಂಡರು. "ನೀನೇ ಇಡು ಮಗಳೆ. ನಿನ್ನ ಹೆಸರಿಗೇ ಕಳಿಸವ್ನೆ."

ಚನ್ನಬಸಮ್ಮ ಗಂಡನ ಎಡಗೈಯನ್ನು ಬಿಡಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟು, ಬಿಗಿದಿದ್ದ ಬೆರಳುಗಳನ್ನು ತನ್ನ ಎರಡೂ ಕೈಯಿಂದ ಬಿಸಿ ಮಾಡಿ ಮಡಿಚಿದಳು. ಎಂಥ ಮಾತಿಲ್ಲದ ಮನುಷ್ಯನಯ್ಯ ನೀನು, ಎಂದುಕೊಂಡಳು. ಅನುಮಾನಪಟ್ಟದ್ದಕ್ಕೆ ಎದೆ ಉರಿಯಿತು. ಆ ಉರಿಯ ಜೊತೆಗೇ ಅವನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿ ಬಂತು.

"ತಾಯಿ," ಎಂದರು ಪಟೇಲರು ಸಂಕೋಚದಿಂದ. ವಸ್ತ್ರದ ಮಡಿಕೆಯಿಂದ ಜಾರಿ ಬಿದ್ದಿದ್ದ ಸಣ್ಣ ಚೀಟಿಯೊಂದು ಅವರ ಕಣ್ಣಿಗೆ ಬಿದ್ದಿತ್ತು. "ಅದು ರಸೀತಿ. ಇಂಥ ಲಕೋಟೇಲಿ ಇದ್ದೇ ಇರ್ತದೆ. ಮೊಹರು ಒಡೆಯದಂಗೆ ನಂಗೆ ತಲುಪಿತು ಅಂತ ರುಜು ಹಾಕಿ ವಾಪಸು ಕೊಡಬೇಕು. ಕೊಡದಿದ್ರೆ ಅವರು ಕಾಯ್ತಾನೇ ಇರ್ತಾರೆ."

"ಯಾರಿಗೆ ಕೊಡಬೇಕು?"

"ಕಳಿಸಿದೋರಿಗೆ," ಎಂದುಬಿಟ್ಟು ಪಟೇಲರು ನಾಲಿಗೆ ಕಚ್ಚಿಕೊಂಡರು.

ಚನ್ನಬಸಮ್ಮ ಚೀಟಿಯನ್ನು ಮಂಡಿಯ ಮೇಲೆ ಹರಡಿ ಮಡಿಕೆ ಬಿಡಿಸಿದಳು. ರುಜು ಎಲ್ಲಿ ಎಂದು ಕಣ್ಣಲ್ಲೇ ಕೇಳಿದಳು. ಪಟೇಲರು ಬೆರಳಿಟ್ಟು ತೋರಿಸಿದರು. ಅಂದು ಬೆಳಿಗ್ಗೆ ಇಟ್ಟುಕೊಂಡಿದ್ದ ಕುಂಕುಮ ಬೆವರಿಗೆ ಒದ್ದೆಯಾಗಿ ಹಣೆಯಲ್ಲಿ ಇನ್ನೂ ಇತ್ತು. ಹೆಬ್ಬೆರಳನ್ನು ಅದಕ್ಕೆ ಒತ್ತಿ, ಚೀಟಿಯ ಮೇಲೆ ಊರಿದಳು.

ಹೊರಗೆ ಬಿದಿರು, ಹೂವಿನಿಂದ ಕಟ್ಟಿದ ಶವದ ವಿಮಾನ ಸಿದ್ಧವಾಗಿತ್ತು. ಕರಿಬಸಪ್ಪನನ್ನು ಕೂತಂತೆಯೇ ಎತ್ತಿ ಅದರಲ್ಲಿ ಕೂರಿಸಿ, ನಾಲ್ವರು ಹೆಗಲು ಕೊಟ್ಟು, ಅವ್ವನ ಪಕ್ಕದ ಗುಂಡಿಯ ಕಡೆಗೆ ಹೊರಟರು. ಎಡಗೈಯಲ್ಲಿ ಲಿಂಗ. ತೊಡೆಯ ಮೇಲಿನ ಬಲಗೈಯ ಬೆರಳುಗಳ ನಡುವೆ ಕೆಂಪು ಹೆಬ್ಬೆಟ್ಟಿನ ಚೀಟಿ.