ಎಕ್ಸ್‌ರೇ ಹಾಳೆಯ ಕನ್ನಡಕ

ಆಲೂಗಡ್ಡೆಯ ಸಿಪ್ಪೆ ತೆಗೆದು ಪಲ್ಯಕ್ಕೆಂದು ತೆಳ್ಳಗೆ ಹೆಚ್ಚುತ್ತಿದ್ದೆ. ಐದನೆಯ ಗಡ್ಡೆ ಕೈಯಲ್ಲಿದ್ದಾಗ ಸೊಸೆ ಭಾರತಿ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ತಾಟು ತಡವಿ ಎರಡು ಹೋಳು ತೆಗೆದುಕೊಂಡು, ಅಲ್ಲೇ ನೆಲದ ಮೇಲೆ ಅಂಗಾತ ಮಲಗಿ, ಎರಡೂ ಕಣ್ಣಿನ ಮೇಲೆ ಇಟ್ಟುಕೊಂಡಳು.

"ಮತ್ತ ಉರಿಯಾಕತ್ತಾವೇನವ್ವ?"

"ಉಸುಕು ಹಾಕಿ ತಿಕ್ಕಿದಂಗ ಆಗೈತ್ರಿ ಅತ್ತಿ. ರೆಪ್ಪಿ ಎತ್ತಿದ್ರ ಬೆಳಕು ಚುಚ್ಚತೈತಿ."

"ಹೆಚ್ಚಿದ್ದೆಲ್ಲಾ ನಿನ್ನ ಕಣ್ಣಿಗೇ ಹೋದ್ರ ನಾ ಪಲ್ಲೇ ಯಾತರದು ಮಾಡ್ಲಿ?"

"ಕಣ್ಣಿನ ಮ್ಯಾಲಿಂದ ಇಳಿಸಿದ್ದಕ್ಕ ಒಗ್ಗರಣಿ ಕೊಡ್ರಿ. ನಿಮ್ಮ ಮಗ ಉಂಡ್ರ ಪುಣ್ಯ ಬರತೈತಿ."

ನಾನು ನಕ್ಕೆ. ಆದರೆ ಸ್ವಲ್ಪ ಹೊತ್ತಿನ ಮೇಲೆ ಆ ಹೋಳುಗಳನ್ನು ಎತ್ತಿದಾಗ ನಗು ಹೋಯಿತು. ಹೋಳು ಕಂದಿತ್ತು, ಅದಕ್ಕೆ ಪಿಸುರಿನ ಎಳೆ ಅಂಟಿತ್ತು, ನೊಣ ಮುತ್ತಿದ್ದವು. ತಿಪ್ಪೆಗೆ ಎಸೆದು ಬಂದು ಎರಡು ಸಲ ಕೈ ತೊಳೆದೆ. ಮೂರು ತಿಂಗಳಲ್ಲಿ ಇದು ಏಳನೆಯ ಸಲ.

ಮಸ್ಕಿಯಲ್ಲಿ ಸಿಂಧನೂರು ರಸ್ತೆಗೆ ನನ್ನ ಮಗ ದುರುಗೇಶನ ವೆಲ್ಡಿಂಗ್ ಶೆಡ್ಡಿದೆ. ಭತ್ತದ ಕೊಯ್ಲು ಬಂತೆಂದರೆ ಕೊಯ್ಲು ಯಂತ್ರಗಳು, ಟ್ರ್ಯಾಕ್ಟರಿನ ಟ್ರಾಲಿಗಳು ಸಾಲುಗಟ್ಟಿ ನಿಲ್ಲುತ್ತವೆ. ಕೆಲಸದವನು ಬಿಟ್ಟು ಹೋದ ಮೇಲೆ ಕಬ್ಬಿಣದ ತುಂಡು ಹಿಡಿದುಕೊಳ್ಳಲು ಭಾರತಿಯನ್ನೇ ಕರೆದುಕೊಂಡು ಹೋಗುತ್ತಿದ್ದ. ಅವಳಿಗೂ ಆ ಕೆಲಸ ಇಷ್ಟ. ಅವಳು ಹಿಡಿದ ತುಂಡು ಕೂದಲೆಳೆಯಷ್ಟೂ ಅಲುಗುವುದಿಲ್ಲವೆಂದು ಗಿರಾಕಿಗಳೇ ಹೇಳುತ್ತಿದ್ದರು.

ಆ ದಿನ ದುರುಗೇಶ ಮನೆಗೆ ಬಂದು ಹೆಂಡತಿಯ ಕಣ್ಣು ನೋಡಿದವನೇ, ಗೂಡಿನಲ್ಲಿದ್ದ ಅವಳ ಫೋನ್ ತೆಗೆದು ತನ್ನ ಫೋನಿದ್ದ ಅಂಗಿಯ ಜೇಬಿಗೇ ಇಳಿಸಿದ.

"ಇದರ ರೇಡಿಯೇಷನ್ನಿಂದನ ಕಣ್ಣು ಹಿಂಗ ಆಗ್ಯಾವ. ಇನ್ನ ಮುಟ್ಟಬ್ಯಾಡ."

"ಹಂಗಾರ ನಿನ್ನ ಎದಿಗೆ ಏನೂ ಆಗಂಗಿಲ್ಲೇನೋ?" ಎಂದೆ.

"ನನ್ನ ಫೋನಿಗೆ ಸ್ಟಿಕ್ಕರ್ ಹಚ್ಚೀನಿ ಬೇ. ಪಕೀರಪ್ಪನ ಮೊಬೈಲ್ ಅಂಗಡ್ಯಾಗ ತಂದಿದ್ದು. ರೇಡಿಯೇಷನ್ ನುಂಗತೈತಿ ಅದು."

ಬಂಗಾರದ ಬಣ್ಣದ, ಬೇಳೆಯಷ್ಟು ಸಣ್ಣ ಕಾಗದದ ಚೂರು ಅದು. ಮಿಠಾಯಿ ಸುತ್ತುವ ಕಾಗದದಲ್ಲಿ ಕತ್ತರಿಸಿದಂತಿತ್ತು. ಅದನ್ನು ಹಚ್ಚಿಕೊಂಡವನ ಮುಖದಲ್ಲಿ ತಾಯತ ಕಟ್ಟಿಸಿಕೊಂಡವನ ಧೈರ್ಯ. ನನಗೆ ಹೇವರಿಕೆಯಾಯಿತು.

ಅವನಿಗೆ ರೇಡಿಯೇಷನ್ನಿನ ಮೇಲೆ ಸಿಟ್ಟು ಹುಟ್ಟಿದ್ದು ಹೇಗೆಂದು ನನಗೆ ಗೊತ್ತು. ನಮ್ಮ ಓಣಿಯ ಹಿಂದೆ ಸಿದ್ದಲಿಂಗೇಶನ ಜಾಗದಲ್ಲಿ ಮೊಬೈಲ್ ಟವರ್ ಎದ್ದಿದೆ. ತಿಂಗಳ ಬಾಡಿಗೆಯ ಆಸೆಗೆ ಅದನ್ನು ತನ್ನ ಶೆಡ್ಡಿನ ಮೇಲೆ ಹಾಕಿಸಬೇಕೆಂದು ದುರುಗೇಶ ಮೊದಲು ಬಹಳ ಓಡಾಡಿದ. ಆಗ ಅದು ಊರಿನ ಉದ್ಧಾರವಾಗಿತ್ತು. ಸಿದ್ದಲಿಂಗೇಶನ ಜಾಗಕ್ಕೆ ಹೋದ ದಿನದಿಂದ ಅದು ವಿಷವಾಯಿತು. ಎಮ್ಮೆಯ ಹಾಲು ಕಡಿಮೆಯಾದರೂ ಟವರ್, ಯಾರದೋ ಗರ್ಭ ಇಳಿದರೂ ಟವರ್. ಈಗ ಭಾರತಿಯ ಕಣ್ಣೂ ಟವರಿನ ಲೆಕ್ಕಕ್ಕೆ ಹೋಯಿತು.

ರಾತ್ರಿ ಶಾಲೆಯಲ್ಲಿ ನಮಗೆ ಕಲಿಸಿದ ಅನುಪಮಾ ಟೀಚರ್ ಇದೇ ಊರಿನಲ್ಲಿದ್ದಾರೆ. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋಗಿ, ಈ ರೇಡಿಯೇಷನ್ ಎಂದರೆ ಏನೆಂದು ಕೇಳಿದೆ. ಅವರು ಸೊಪ್ಪು ಸೋಸುತ್ತಲೇ ಹೇಳಿದರು.

"ಎಲ್ಲಾ ಒಂದೇ ಮನಿತನದವು ಮುದುಕಮ್ಮ. ರೇಡಿಯೋದ ಅಲಿ, ಫೋನಿನ ಅಲಿ, ಒಲಿ ಕಾವು, ಕಣ್ಣಿಗೆ ಕಾಣೋ ಬೆಳಕು, ನೇರಳೆ ಬಣ್ಣದ ಆಚಿಗೆ ಕಾಣದಂಥ ಬೆಳಕು, ಅದರಾಚಿಗೆ ಎಕ್ಸ್‌ರೇ. ಆದ್ರ ಒಂದೇ ಮನಿತನದಾಗ ಹುಟ್ಟಿದವರೆಲ್ಲಾ ಒಂದೇ ಗುಣದವರು ಇರ್ತಾರೇನು?"

"ನಮ್ಮ ಮನಿಯಾಗ ಇಲ್ಲ ನೋಡ್ರಿ."

ಅವರು ನಕ್ಕರು. "ಮೈಮ್ಯಾಲೆ ನೂರು ನೊಣ ಕುಂತ್ರ ಬ್ಯಾಸರ ಆಗತೈತಿ. ಒಂದು ಚೇಳು ಕಡದ್ರ? ಫೋನಿನ ಅಲಿ ನೊಣ ಇದ್ದಂಗ. ಭಾಳ ಸೇರಿದ್ರ ಒಂದೀಟು ಬಿಸಿ ಮಾಡತಾವ, ಅದಕ್ಕಂತನ ಇಷ್ಟಕ್ಕಿಂತ ಹೆಚ್ಚು ಬಿಡಬಾರದಂತ ಟವರ್‌ಗೆ ಕಟ್ಟಳೆ ಐತಿ. ಸಂಶಯ ಇದ್ರ ಅಳತಿ ಮಾಡ್ಸಬಹುದು. ಆದ್ರ ಆ ನೇರಳೆ ಆಚಿಗಿನ ಬೆಳಕು ಚೇಳು. ಬಿಸಲಾಗ ಅದು ಒಂದೀಟು ಇರತೈತಿ. ವೆಲ್ಡಿಂಗ್ ಕಿಡಿ ಹತ್ತಿರ ಮೊಗೆದು ಹಾಕಿದಂಗ ಇರತೈತಿ."

"ಅಲ್ರೀ ಟೀಚರ್, ಹಂಗಾರ ಉರಿ ಸಂಜಿ ಮ್ಯಾಲೆ ಯಾಕ? ಶೆಡ್ಡಿನ್ಯಾಗ ಇರೋತನಕ ಅಕಿಗೆ ಏನೂ ಆಗಂಗಿಲ್ಲ."

"ಅದನ ಅದರ ಕಳ್ಳಾಟ. ಕಡಿದಿದ್ದು ಆವಾಗ್ಲೇ ತಿಳಿಯಂಗಿಲ್ಲ. ಆರೆಂಟು ತಾಸಿನ ಮ್ಯಾಲೆ ಉರಿ ಏಳತೈತಿ. ಅಷ್ಟೊತ್ತಿಗೆ ಕೈಯಾಗ ಫೋನ್ ಇರತೈತಿ. ಎಲ್ಲಾರೂ ಫೋನಿಗೇ ಬಯ್ತಾರ. ಮುಖಕ್ಕ ಹಿಡಿಯೋ ಶೀಲ್ಡ್ ಅಕಿಗೆ ಇಲ್ಲೇನು?"

ಅದು ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನ ರೊಟ್ಟಿಯ ಗಂಟು ಹಿಡಿದು ನಾನೇ ಶೆಡ್ಡಿಗೆ ಹೋದೆ.

ದುರುಗೇಶ ಒಂದು ಟ್ರಾಲಿಯ ಹಿಂಬಾಗಿಲು ಬೆಸೆಯುತ್ತಿದ್ದ. ಮುಖದ ಮುಂದೆ ಕಪ್ಪು ಗಾಜಿನ ಶೀಲ್ಡ್ ಹಿಡಿದಿದ್ದ. ಉರಿ ಆರದ ಕಣ್ಣಿನಲ್ಲೇ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ ಭಾರತಿ ಎರಡೂ ಕೈಯಲ್ಲಿ ಕಬ್ಬಿಣದ ಪಟ್ಟಿ ಒತ್ತಿ ಹಿಡಿದಿದ್ದಳು. ಅವಳ ಕಣ್ಣಿಗೆ ದಾರದಿಂದ ಕಟ್ಟಿದ ಪ್ಲಾಸ್ಟಿಕ್ಕಿನ ಹಾಳೆ ಇತ್ತು. ಕಿಡಿ ನಿಂತ ಮೇಲೆ ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, "ನಿಮ್ಮ ಟೊಂಕದಾಗಿಂದ ಹಾದು ಜಗತ್ತು ನೋಡಾಕತ್ತೀನ್ರಿ ಅತ್ತಿ," ಎಂದಳು.

ಹೋದ ವರ್ಷ ನಾನು ಅಂಗಳದಲ್ಲಿ ಜಾರಿ ಬಿದ್ದಾಗ ಲಿಂಗಸುಗೂರಿನಲ್ಲಿ ತೆಗೆಸಿದ್ದ ಎಕ್ಸ್‌ರೇ ಅದು. ಟ್ರಂಕಿನ ತಳದಲ್ಲಿಟ್ಟಿದ್ದೆ. ದುರುಗೇಶ ಅದನ್ನು ಕತ್ತರಿಸಿ ಕನ್ನಡಕ ಮಾಡಿದ್ದ. ಅದೂ ಎಲ್ಲಿ ಕತ್ತರಿಸಿದ್ದ? ಸುತ್ತಲಿನ ಕಪ್ಪು ಭಾಗ ಬಿಟ್ಟು, ನನ್ನ ಟೊಂಕದ ಮೂಳೆ ಬೆಳ್ಳಗೆ ಮೂಡಿದ ಜಾಗವನ್ನೇ. ಎತ್ತಿ ಹಿಡಿದರೆ ಮೂಳೆಯ ಆಚೆಗೆ ರಸ್ತೆ, ಬಸ್ಸು, ಎದುರಿನ ಅಂಗಡಿಯ ಬೋರ್ಡು, ಎಲ್ಲಾ ಕಾಣುತ್ತಿತ್ತು.

"ಯಾಕೋ ಇದನ್ನ ಕಟ್ಟೀದಿ?"

"ಎಕ್ಸ್‌ರೇ ಅಂದ್ರ ಎಂಥಾ ಜಬರ್ದಸ್ತ್ ಕಿರಣ! ಅದನ್ನ ತಡದ ಹಾಳಿ ಇದು. ಅದರಾಗೂ ನಿನ್ನ ಎಲುಬು ಇದ್ದ ಜಾಗಾ ಗಟ್ಟಿ. ಇದಕ್ಕ ವೆಲ್ಡಿಂಗ್ ಯಾವ ಲೆಕ್ಕ?"

"ಎಲುಬು ತಡದಿದ್ದು ನನ್ನ ಮೈಯಾಗಪ್ಪ. ಅಲ್ಲಿ ತಡದಿದ್ದಕ್ಕ ಹಾಳಿ ಮ್ಯಾಲೆ ಕಿರಣ ಬಿದ್ದಿಲ್ಲ, ಬೆಳ್ಳಗ ಉಳದೈತಿ. ನೀ ಅಕಿ ಕಣ್ಣಿಗೆ ಕಿಡಕಿ ತೆಗೆದು ಕಟ್ಟೀದಿ."

ಟ್ರಾಲಿಯ ಮಾಲೀಕ ಹುಸೇನ್‌ಸಾಬ್ ಬೀಡಿ ಆರಿಸಿ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದ. "ಲೇ ದುರುಗೇಶ, ಮುದುಕಮ್ಮಕ್ಕ ಹೇಳೋದು ಖರೇ ಐತಲೇ. ಇದರಾಗಿಂದ ನಿನ್ನ ಮೋತಿ ಸೈತ ಕಾಣತೈತಿ."

"ಬಂದ್ಲು ನೋಡ್ರಿ, ಹಗಲಿಗೆ ಗತಿ ಇಲ್ಲದ ರಾತ್ರಿ ಶಾಲಿ ಮಾಸ್ತರಮ್ಮ!" ಎಂದು ಮಗ ನಕ್ಕ.

"ಆ ಶೀಲ್ಡ್ ಅಕಿಗೆ ಕೊಡು. ಇನ್ನೊಂದು ತರೋತನಕ ಕೆಲಸ ಬಂದ್ ಮಾಡು."

"ಬೆಸಿಯಾಂವ ನಾನು ಬೇ. ಹಿಡ್ಕೊಳ್ಳಾಕಿಗೆ ಯಾತರ ಶೀಲ್ಡು?"

ಹಾಗೆ ಹೇಳುವಾಗ ಅವನ ಬಾಯಲ್ಲಿ ನಾನು ತಂದ ರೊಟ್ಟಿ ಇತ್ತು. ಅವನು ಜಗಿಯುವುದನ್ನು ನೋಡಲಾಗದೆ ಮುಖ ತಿರುಗಿಸಿದೆ. ನಾನೇ ಹೆತ್ತ ಬಾಯಿ ಅದು.

ಭಾರತಿಯ ಫೋನ್ ಮಗನ ಜೇಬಿನಲ್ಲಿತ್ತು, ನನ್ನ ಬಳಿ ಫೋನಿಲ್ಲ; ಅಂದೇ ಸಂಜೆ ಅವಳ ಅಣ್ಣ ಶಿವರಾಜನಿಗೆ ಕಾಗದ ಬರೆದೆ. ಅವನು ಲಿಂಗಸುಗೂರಿನ ಬಸ್ ಡಿಪೋದಲ್ಲಿ ನೌಕರ. ಬರೆದೆ, ಆದರೆ ಕಳಿಸಲಿಲ್ಲ. ಈ ಸಂಬಂಧ ಕೂಡಿಸಿದವಳು ನಾನೇ. ಗುರುಗುಂಟಾದ ಅವರ ಮನೆಯಲ್ಲಿ ಕುಳಿತು, 'ನಿಮ್ಮ ಹುಡುಗಿಯನ್ನು ಕಣ್ಣಿನ ಹಾಗೆ ನೋಡಿಕೊಳ್ಳುತ್ತೇವೆ' ಎಂದಿದ್ದೆ. ಈಗ ಬೀಗರಿಗೆ ಮಗನ ಮೇಲೆ ದೂರು ಬರೆಯುವುದೆಂದರೆ ನಾಲಿಗೆಗೆ ಸಗಣಿ ಮೆತ್ತಿಕೊಂಡಂತೆ ಅನಿಸಿತು. ಅಣ್ಣ ಬಂದನೆಂದರೆ ತಂಗಿಯನ್ನು ಕರೆದೊಯ್ಯುತ್ತಾನೆ. ತವರಿಗೆ ಕರೆಯಲು ಬಂದ ಅಣ್ಣನಿಗೆ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಹೋದವಳು ಮರಳಿ ಬರದಿದ್ದರೆ? ಮಗ ನನ್ನ ಮುಖ ನೋಡುತ್ತಾನೆಯೆ? ಅಲ್ಲದೆ ಎರಡು ದಿನಕ್ಕೆ ಉರಿ ಇಳಿಯಿತು. ಆಲೂಗಡ್ಡೆ ಗುಣ ಮಾಡಿತೆಂದು ಓಣಿಯೆಲ್ಲಾ ಹೇಳಿತು. ನಾನೂ ಸುಮ್ಮನಾದೆ. ಸುಮ್ಮನಿರುವುದು ನನಗೆ ಬಹಳ ಚೆನ್ನಾಗಿ ಬರುತ್ತದೆ. ಅದನ್ನು ತಾಳ್ಮೆ ಎಂದು ಜನ ಹೊಗಳುತ್ತಾರೆ.

ಹಾಗೆ ಇಪ್ಪತ್ತೆರಡು ದಿನ ಹೋದವು; ಕೆಲಸ ಹೆಚ್ಚಿದ್ದಾಗ ಭಾರತಿ ಶೆಡ್ಡಿಗೆ ಹೋಗಿ ಬರುತ್ತಲೇ ಇದ್ದಳು. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದ ಭಾರತಿ ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅತ್ತಿ, ಹಂಗ ಕುಂದರ್ರಿ, ಅಲಗಬ್ಯಾಡ್ರಿ. ನಿಮ್ಮ ಕಿವಿ ಕಾಣತಾವ, ಸೆರಗು ಕಾಣತೈತಿ. ಮೂಗಿನ ಜಾಗಾದಾಗ ಒಂದು ಮಸಿ ಬಟ್ಟು ಐತ್ರಿ."

"ಕಣ್ಣು ತಿಕ್ಕು."

"ತಿಕ್ಕಿ ನಾಕು ದಿನ ಆತ್ರಿ. ಎತ್ತಾಗ ನೋಡ್ತೀನಿ ಅತ್ತಾಗ ಹೋಗತೈತಿ. ಅಕ್ಕ್ಯಾಗ ಕಲ್ಲು ಐತೋ ಇಲ್ಲೋ ಕೈಲೆ ನೋಡಾಕತ್ತೀನಿ." ಈ ಸಲ ಅವಳು ತಮಾಷೆ ಮಾಡಲಿಲ್ಲ.

ಅನುಪಮಾ ಟೀಚರ್ ಕೇಳಿದವರೇ, "ಹೊರಗಿನ ಉರಿ ಬ್ಯಾರೆ, ಕಣ್ಣಿನ ಒಳಗಿನ ಪರದಿ ಸುಡೋದು ಬ್ಯಾರೆ. ಇದು ತಡ ಮಾಡೋದಲ್ಲ, ಕಣ್ಣಿನ ಡಾಕ್ಟರ್ ನೋಡ್ಲೇಬೇಕು," ಎಂದರು. ಮನೆಗೆ ಬಂದು ಮಗನಿಗೆ, ನಾಳೆಯೇ ಇವಳನ್ನು ಸಿಂಧನೂರಿಗೆ ಕರೆದೊಯ್ಯುತ್ತೇನೆಂದೆ.

"ನಾಳಿಗೆ ಬ್ಯಾಡ. ಇವತ್ತು ಸಂಜಿಗೆ ಜನ ಕೂಡ್ಸೀನಿ. ನಾ ಅರ್ಜಿ ಕೊಟ್ಟಿದ್ದಕ್ಕ ಸೋಮವಾರ ತಾಲೂಕಿನ ಸಾಹೇಬ್ರು ಟವರ್ ನೋಡಾಕ ಬರ್ತಾರ. ಅಲ್ಲೀತನಕ ಕಣ್ಣು ಹಂಗ ಕೆಂಪಗ ಇರ್ಲಿ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ಹಂಗ ಇರ್ಲಿ ಅಂದ್ರ?"

"ಡಾಕ್ಟರ್ ಹನಿ ಹಾಕಿ ಆರಾಮ ಮಾಡಿಬಿಟ್ರ ಸಾಹೇಬ್ರಿಗೆ ತೋರ್ಸೋದೇನು ನಿನ್ನ ಟೊಂಕಾ? ಆರು ದಿನದಾಗ ಕಣ್ಣು ಓಡಿ ಹೋಗಂಗಿಲ್ಲ."

ಅವನ ಎಣಿಕೆ ಅಷ್ಟಕ್ಕೇ ನಿಲ್ಲಲಿಲ್ಲ. ಕಣ್ಣು ಕೆಂಪಗೇ ಉಳಿಯಲೆಂದು ಅಂದು ಬೆಳಿಗ್ಗೆ ಎರಡು ಟ್ರಾಲಿ ಬೆಸೆಯುವಾಗ ಅವಳನ್ನು ಕೂರಿಸಿಕೊಂಡಿದ್ದನಂತೆ. ಅದನ್ನು ಭಾರತಿಯೇ ಗೋಡೆಗೆ ಮುಖ ಮಾಡಿ ಹೇಳಿದಳು. ನಾನು ಬಚ್ಚಲಿಗೆ ಹೋಗಿ ಉಂಡದ್ದೆಲ್ಲಾ ಕಾರಿಕೊಂಡೆ.

ಸಂಜೆ ಶೆಡ್ಡಿನ ಮುಂದೆ ನಲವತ್ತು ಜನ ಸೇರಿದರು. ದುರುಗೇಶ ಹೆಂಡತಿಯನ್ನು ಖಾಲಿ ಟ್ರಾಲಿಯ ಮೇಲೆ ಹತ್ತಿಸಿ ನಿಲ್ಲಿಸಿದ. ಅವಳ ಸೆರಗು ಹಿಂದೆ ಸರಿಸಿ, ಗದ್ದ ಹಿಡಿದು ಮುಖ ಎತ್ತಿದ. ಸಂತೆಯಲ್ಲಿ ದನದ ಹಲ್ಲು ತೋರಿಸುವವರು ಹೀಗೇ ಹಿಡಿಯುತ್ತಾರೆ.

"ನೋಡ್ರೆಪಾ! ಟವರ್ ಮಾಡಿದ್ದು ಇದು! ಇವತ್ತ ನನ್ನ ಹೆಂಡ್ತಿ, ನಾಳೆ ನಿಮ್ಮ ಹೆಂಡ್ತಿ!"

ಜನ ಫೋನ್ ಎತ್ತಿ ಫೋಟೊ ಹೊಡೆದರು. ಫ್ಲ್ಯಾಶ್ ಬಿದ್ದ ಹಾಗೆಲ್ಲಾ ಅವಳು ಕಣ್ಣು ಮುಚ್ಚುತ್ತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಕಣ್ಣು ತೆಗಿಯವಾ, ಇನ್ನೊಂದು ಬರ್ಲಿ," ಎಂದು ಯಾವನೋ ಕೂಗಿದ.

"ಟವರ್ ಬ್ಯಾಡಂತ ಕೂಡಿ ಅದರ ಸಿಗ್ನಲ್ಲಿನ್ಯಾಗ ಫೋಟೊ ಕಳಸಾಕತ್ತೀರಲ್ರಲೇ, ನಾಚಿಕಿ ಐತೇನು?" ಎಂದ ಹುಸೇನ್‌ಸಾಬ್. ಕೆಲವರು ನಕ್ಕರು. ಫೋಟೊ ಹೊಡೆಯುವುದು ಮಾತ್ರ ನಿಲ್ಲಲಿಲ್ಲ.

ನಾನು ಟ್ರಾಲಿಯ ಹತ್ತಿರ ಹೋಗಿ ಕೈ ಚಾಚಿದೆ. "ಇಳಿ ಭಾರತಿ."

"ಯವ್ವಾ, ನಡುವ ಬರಬ್ಯಾಡ," ಎಂದ ದುರುಗೇಶ ಹಲ್ಲು ಕಚ್ಚಿ. "ಸೋಮವಾರಕಿಂತ ಮೊದಲು ಅಕಿನ್ನ ಎಲ್ಲಿಗೂ ಒಯ್ಯಬ್ಯಾಡ. ಒಯ್ದ್ರ ಇಬ್ಬರೂ ಹಂಗ ಹೋಗ್ರಿ, ಹೊಳ್ಳಿ ನನ್ನ ಮನಿಗೆ ಬರಬ್ಯಾಡ್ರಿ."

ಭಾರತಿ ನನ್ನ ಹೆಗಲಿಗೆ ಕೈಯಿಟ್ಟು ಇಳಿದಳು. ಕೆಳಗಿನ ಕಬ್ಬಿಣದ ಮೆಟ್ಟಿಲು ಅವಳಿಗೆ ಕಾಣಲಿಲ್ಲ. ಕಾಲಿನಿಂದ ಹುಡುಕಿದಳು.

ಬೆಳಗಾದ ಮೇಲೆ, ಕಳಿಸದೆ ಇಟ್ಟಿದ್ದ ಕಾಗದವನ್ನು ಅಕ್ಕಿಯ ಡಬ್ಬಿಯ ಕೆಳಗಿಂದ ತೆಗೆದು ಓದಿದೆ. ಬೀಗರ ಕ್ಷೇಮ, ಮಳೆ ಬೆಳೆ, ಶಿವರಾಜನ ಮಕ್ಕಳ ಓದು. ಎರಡು ಪುಟದ ತನಕ ವಿಷಯವೇ ಇರಲಿಲ್ಲ. ಕೊನೆಗೆ 'ಭಾರತಿಗೆ ಸ್ವಲ್ಪ ಕಣ್ಣು ನೋವು, ಚಿಂತೆ ಮಾಡಬೇಡಿರಿ' ಎಂದು ಬರೆದಿದ್ದೆ. ನನ್ನ ಅಕ್ಷರಗಳೇ ನನಗೆ ಹೊಲಸೆನಿಸಿದವು. ಅದನ್ನು ಒಲೆಗೆ ಹಾಕಿ, ಬೇರೆ ಹಾಳೆಯಲ್ಲಿ ಹೀಗೆ ಬರೆದೆ:

'ಶಿವರಾಜಪ್ಪನವರಿಗೆ. ಭಾರತಿಯ ಕಣ್ಣಿನ ನಡುವೆ ಕಪ್ಪು ಕಾಣುತ್ತಿದೆ. ಶೀಲ್ಡ್ ಇಲ್ಲದೆ ವೆಲ್ಡಿಂಗ್ ಬೆಳಕಿಗೆ ಕೂರಿಸಿದ್ದರಿಂದ ಹೀಗಾಗಿದೆ. ಕೂರಿಸಿದವನು ನನ್ನ ಮಗ. ತಿಳಿದೂ ಇಪ್ಪತ್ತೆರಡು ದಿನ ಸುಮ್ಮನಿದ್ದವಳು ನಾನು. ಟವರ್, ಫೋನ್ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಡಾಕ್ಟರಿಗೆ ವೆಲ್ಡಿಂಗ್ ಎಂದೇ ಹೇಳಿರಿ. ನಾನು ಕರೆದೊಯ್ದರೆ ಜಗಳ, ನೀವು ಕರೆದರೆ ತಡೆಯುವ ಹಾಗಿಲ್ಲ. ಕಾಗದ ಮುಟ್ಟಿದ ಕೂಡಲೇ ಹೊರಡಿರಿ. ಅವಳು ಮರಳಿ ಬರುವುದು ಬಿಡುವುದು ಅವಳ ಇಷ್ಟ. ಮುದುಕಮ್ಮ.'

ಭಾರತಿಗೆ ಓದಿ ಹೇಳಿದೆ.

"ಕೆಲಸ ಬಿಡ್ತೀನಂತ ಬರಿಬ್ಯಾಡ್ರಿ ಅತ್ತಿ. ಕಣ್ಣು ಉಳದ್ರ ನಾನ ಬೆಸೀತೀನಿ. ನನ್ನ ಶೀಲ್ಡ್ ನನಗಿರ್ಲಿ, ಅಷ್ಟ."

ಅದನ್ನೂ ಕೆಳಗೆ ಬರೆದು ಲಕೋಟೆಗೆ ಅನ್ನದ ಅಂಟು ಹಚ್ಚಿದೆ. ಅಂಚೆಗೆ ಹಾಕಿದರೆ ಎಷ್ಟು ದಿನವೋ. ಬಸ್ ನಿಲ್ದಾಣಕ್ಕೆ ನಡೆದೆ. ದಾರಿಯಲ್ಲಿ ದುರುಗೇಶನ ಶೆಡ್ಡು ಬರುತ್ತದೆ. ಅವನು ತಲೆಯೆತ್ತಿ ಎಲ್ಲಿಗೆ ಹೊರಟೆಯೆಂದು ಕೇಳಿದ. "ಶಿವರಾಜಗ ಕಾಗದ ಕೊಡಾಕ," ಎಂದೆ. ಅವನು ರಾಡು ಕೆಳಗಿಟ್ಟು ಎದ್ದು ನಿಂತ. ನಾನು ನಿಲ್ಲಲಿಲ್ಲ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ತುಂಬಿ ಬಂದಿತ್ತು. ಕಂಡಕ್ಟರ್ ಬಾಗಿಲಲ್ಲೇ ನೇತಾಡುತ್ತಿದ್ದ.

"ತಮ್ಮಾ, ಡಿಪೋದಾಗ ಶಿವರಾಜ ಅದಾನಲ್ಲ, ಅವನ ಕೈಗೇ ಕೊಡು."

"ಏನವ್ವ, ಲಗ್ನಪತ್ರಿಕೇನು? ನಂಗೂ ಊಟ ಐತಿಲ್ಲೋ?"

"ಕಣ್ಣಿನ ವಿಷಯ ಐತಪ್ಪ. ಇವತ್ತ ಮುಟ್ಟಬೇಕು."

ಅವನು ಮತ್ತೆ ಕೇಳದೆ ಲಕೋಟೆಯನ್ನು ಟಿಕೆಟ್ ಚೀಲಕ್ಕೆ ಹಾಕಿದ. ಹಿಂದೆ ದುರುಗೇಶ ಕೂಗುತ್ತಾ ಓಡಿ ಬರುತ್ತಿದ್ದ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.