ಸ್ಕ್ಯಾನಿಗೆ ಕಾಣದ ಪೆಟ್ಟು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಅಣ್ಣತಮ್ಮಂದಿರ ಹೊಲಿಗೆ ಅಂಗಡಿಯಲ್ಲಿ ಹಗಲಲ್ಲೇ ದೀಪ ಹಾಕಬೇಕಾಯಿತು. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ತಮ್ಮ ಮುಖ ತಿರುಗಿಸಿದ. ಅಣ್ಣನ ಅನುಮಾನಕ್ಕೆ ಅಷ್ಟೇ ಸಾಕಾಯಿತು.

ಹಿಂದಿನ ವಾರ, ಅರ್ಧ ಎತ್ತಿದ ಶಟರಿನಡಿ ನುಸುಳುವಾಗ ತಮ್ಮನ ತಲೆ ಕಬ್ಬಿಣದ ಅಂಚಿಗೆ ಬಡಿದಿತ್ತು. ಎಲ್ಲಿದ್ದೇನೆಂದೇ ತಿಳಿಯದೆ ಸ್ವಲ್ಪ ಹೊತ್ತು ಮಂಕಾಗಿ ಕೂತಿದ್ದ. ಅಣ್ಣನೇ ಆಸ್ಪತ್ರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದ್ದ. ಅದರಲ್ಲಿ ಏನೂ ತೊಂದರೆ ಕಾಣಲಿಲ್ಲ. ವಿಶ್ರಾಂತಿ ಬೇಕೆಂದು ಡಾಕ್ಟರು ಹೇಳಿದ್ದು ಮಾತ್ರ ಅಣ್ಣನ ಕಿವಿಗೆ ಬೀಳಲೇ ಇಲ್ಲ.

ಎಲ್ಲ ಸರಿಯಿದ್ದ ಮೇಲೆ ತಲೆನೋವೆಲ್ಲಿಂದ, ಮರೆವೆಲ್ಲಿಂದ? ಕೆಲಸ ತಪ್ಪಿಸಿ ಬೇರೆ ಅಂಗಡಿ ಹಾಕುವ ಹುನ್ನಾರವೇ ಇರಬೇಕೆಂದು ಅಣ್ಣ ಒಳಗೊಳಗೇ ಕುದಿಯುತ್ತಿದ್ದ. ಕಣ್ಣು ಮುಚ್ಚಿ ಕತ್ತರಿ ಆಡಿಸಬಲ್ಲ ತಮ್ಮ, ಇಂದು ಬಸ್ ಕಂಡಕ್ಟರರ ಖಾಕಿ ಬಟ್ಟೆಯಲ್ಲಿ ಅಂಗಿಯ ಎರಡೂ ಮುಂಭಾಗಗಳನ್ನು ಎಡಗಡೆಗೇ ಕತ್ತರಿಸಿಟ್ಟಿದ್ದ.

“ಬೇಕಂತಲೇ ಮಾಡಿದ್ಯಾ?”

ತಮ್ಮ ಬಟ್ಟೆಯನ್ನೇ ದಿಟ್ಟಿಸಿದ. “ಎಲ್ಲಿ ತಪ್ಪಾಗಿದೆ ಅಂತಾನೇ ಗೊತ್ತಾಗ್ತಿಲ್ಲಣ್ಣ.”

ಅಷ್ಟರಲ್ಲಿ ಹೊಲಿಯಲು ಕೊಟ್ಟಿದ್ದ ಕೋಟು ಒಯ್ಯಲು ಪಕ್ಕದ ಬೀದಿಯ ನರ್ಸಕ್ಕ ಬಂದರು. ಅಣ್ಣ ಅವರ ಮುಂದೆ ದೂರಿನ ಗಂಟನ್ನೇ ಬಿಚ್ಚಿದ. ಸ್ಕ್ಯಾನಿನಲ್ಲಿ ಏನೂ ಇಲ್ಲ, ಊಟಕ್ಕೆ ಕರೆದರೆ ಇಲ್ಲದ ತಲೆನೋವು ಕತ್ತರಿ ಹಿಡಿದರೆ ಬರುತ್ತದೆ ಎಂದು ಚುಚ್ಚಿದ.

ನರ್ಸಕ್ಕ ನಕ್ಕರು. “ಬಟ್ಟೆ ಬೆಳಕಿಗೆ ಹಿಡಿದ್ರೆ ತೂತು ಕಾಣುತ್ತೆ. ನೀರಿಗೆ ಬಿದ್ದರೆ ಎಷ್ಟು ಕುಗ್ಗುತ್ತೆ ಅನ್ನೋದು ಕಾಣುತ್ತೇನಪ್ಪಾ?”



ಆ ಸ್ಕ್ಯಾನ್ ಮುಖ್ಯವಾಗಿ ಹುಡುಕುವುದು ರಕ್ತಸ್ರಾವವನ್ನು, ಬುರುಡೆಯ ಬಿರುಕನ್ನು ಎಂದು ಅವರು ತಿಳಿಸಿ ಹೇಳಿದರು. ಅವಿಲ್ಲವೆಂದು ಗೊತ್ತಾದದ್ದು ದೊಡ್ಡ ಸಮಾಧಾನವೇ. ಆದರೆ ಪೆಟ್ಟಿನಿಂದ ಮಿದುಳು ತನ್ನ ಲಯ ತಪ್ಪಿದರೆ ಅದು ಚಿತ್ರದಲ್ಲಿ ಕಾಣದೇ ಇರಬಹುದು. “ಅದನ್ನ ನೋವು ತಿನ್ನೋನ ಬಾಯಿಂದಲೇ ಕೇಳ್ಬೇಕು. ಕೇಳೋರು ನಂಬಬೇಕು.”

ಅಣ್ಣ ಎದ್ದು ದೀಪ ಆರಿಸಿದ. ಮಧ್ಯಾಹ್ನವೇ ತಮ್ಮನನ್ನು ಮತ್ತೆ ಡಾಕ್ಟರ ಬಳಿ ಕರೆದೊಯ್ದ. ಮೊದಲು ವಿಶ್ರಾಂತಿ, ಆಮೇಲೆ ನಿಧಾನಕ್ಕೆ ಕೆಲಸ. ಹೆಚ್ಚಿನವರು ಹೀಗೇ ಗುಣವಾಗುತ್ತಾರೆ ಎಂದರು ಡಾಕ್ಟರು.

ಬಂಧುಗಳೇ, ತಲೆಗೆ ಪೆಟ್ಟಾದರೆ ಡಾಕ್ಟರಿಗೆ ತೋರಿಸಿ. ಸ್ಕ್ಯಾನ್ ಬೇಕೋ ಬೇಡವೋ ಅವರೇ ಹೇಳಲಿ. ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ತೊದಲು, ಫಿಟ್ಸ್ ಕಂಡರೆ, ಮೊದಲ ಸ್ಕ್ಯಾನ್ ಸರಿಯಿದ್ದರೂ ತಡಮಾಡದೆ ಆಸ್ಪತ್ರೆಗೆ ಓಡಿ. ದೇವರು ತಲೆಯೊಳಗೆ ಮುಚ್ಚಿಟ್ಟದ್ದೆಲ್ಲ ಒಂದು ಚಿತ್ರಕ್ಕೆ ಸಿಗುವುದಿಲ್ಲ. ಮನೆಯವರ ನೋವನ್ನು ನಾಟಕವೆನ್ನಬೇಡಿ.

ಸಂಜೆ ಅಣ್ಣ ಹಾಳಾದ ಬಟ್ಟೆಗೆ ಬದಲು ಅದೇ ಬಣ್ಣದ ಹೊಸ ಬಟ್ಟೆ ತಂದು ಕಂಡಕ್ಟರರ ಕೈಗಿಟ್ಟ. ಕತ್ತರಿಸಿದ್ದು ತಪ್ಪಾಯಿತೆಂದ; ತಮ್ಮನ ಹೆಸರೆತ್ತಲಿಲ್ಲ.